‘ಮೊದಲು ರಿಲೀಸ್ ಆಗಲಿ’ ಎನ್ನುವವರಿಗೆ

ಸಾಫ್ಟ್‌ವೇರ್‌ನ ಸುರಕ್ಷತೆಯನ್ನು ವಿನ್ಯಾಸದ ದಿನದಿಂದಲೇ ನೋಡಿಕೊಳ್ಳಬೇಕು, ಹಂತಹಂತಕ್ಕೂ ಪರೀಕ್ಷಿಸಬೇಕು ಎಂದೊಡನೆ ಆಕ್ಷೇಪಗಳು ಸಾಲುಗಟ್ಟಿ ಬರುತ್ತವೆ. ಅನುಭವಸ್ಥರ ಮಾತು ಎಂಬ ಠೀವಿ ಬೇರೆ. ಒಂದೊಂದನ್ನೇ ಒರೆಗೆ ಹಚ್ಚೋಣ, ತೀರ್ಪು ಓದುಗರದು.

‘ಎಲ್ಲ ಮುಗಿದ ಮೇಲೆ ಒಮ್ಮೆ ಸೆಕ್ಯುರಿಟಿ ಟೆಸ್ಟಿಂಗ್ ಮಾಡಿಸಿದರೆ ಸಾಕು’ ಎಂಬುದು ಮೊದಲ ವಾದ. ವೆಬ್ ವಿಳಾಸದಲ್ಲಿರುವ ಗ್ರಾಹಕ ಸಂಖ್ಯೆಯ ಒಂದು ಅಂಕಿ ಬದಲಿಸಿದರೆ ಪಕ್ಕದ ಮನೆಯವರ ಬಿಲ್ಲು ತೆರೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಇದು ಯಾವುದೋ ಸಾಲಿನಲ್ಲಾದ ಕೈತಪ್ಪಲ್ಲ. ಯಾರು ಏನನ್ನು ನೋಡಬಹುದು ಎಂದು ಆರಂಭದಲ್ಲಿ ಯಾರೂ ಕೇಳಿರಲಿಲ್ಲ, ಅಷ್ಟೆ. ವೆಬ್ ಸುರಕ್ಷತೆಗೆ ದುಡಿಯುವ ಓವಾಸ್ಪ್ ಸಂಸ್ಥೆಯ 2021ರ ಅಪಾಯಗಳ ಪಟ್ಟಿಯಲ್ಲಿ ಇಂಥ ಪ್ರವೇಶ ನಿಯಂತ್ರಣದ ಲೋಪಕ್ಕೇ ಮೊದಲ ಸ್ಥಾನ. ಅಸುರಕ್ಷಿತ ವಿನ್ಯಾಸ ಎಂಬ ಪ್ರತ್ಯೇಕ ವರ್ಗವೂ ಸೇರಿದ್ದು ಅದೇ ವರ್ಷ. ಇರಲಿ, ಕೊನೆಯ ವಾರದ ಪರೀಕ್ಷೆಯಲ್ಲಿ ದೋಷ ಸಿಕ್ಕಿತೆನ್ನಿ. ಆಗ ಇವರ ಉತ್ತರ: ‘ರಿಲೀಸ್ ದಿನಾಂಕ ಬದಲಾಗದು.’ ಫಲಿತಾಂಶ ಏನೇ ಬಂದರೂ ನಿರ್ಧಾರ ಬದಲಾಗದಿದ್ದರೆ ಅದು ಪರೀಕ್ಷೆಯಲ್ಲ, ಶಾಸ್ತ್ರಕ್ಕೆ ಮಾಡುವ ಪೂಜೆ.

‘ಇದಕ್ಕೆಲ್ಲ ಸಮಯವಿಲ್ಲ’ ಎಂಬುದು ಎರಡನೆಯದು. ತಡವಾದರೆ ನಷ್ಟ ಎಂಬ ಲೆಕ್ಕ ಮೈಕ್ರೋಸಾಫ್ಟ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? 2001ರಲ್ಲಿ ಕೋಡ್ ರೆಡ್, ನಿಮ್ಡಾ ಎಂಬ ಕಂಪ್ಯೂಟರ್ ಹುಳುಗಳ ಹಾವಳಿ ಕಂಡ ಆ ಕಂಪನಿ, 2002ರ ಆರಂಭದಲ್ಲಿ ವಿಂಡೋಸ್‌ಗೆ ಹೊಸ ಕೋಡ್ ಬರೆಯುವುದನ್ನೇ ನಿಲ್ಲಿಸಿ ಸಾವಿರಾರು ಎಂಜಿನಿಯರುಗಳಿಗೆ ತರಬೇತಿ ಕೊಟ್ಟಿತು. 2004ರಲ್ಲಿ ಸುರಕ್ಷಿತ ಅಭಿವೃದ್ಧಿಯ ಕ್ರಮವನ್ನು ಕಡ್ಡಾಯ ಮಾಡಿತು. ಅದು ಧರ್ಮಕಾರ್ಯವಲ್ಲ, ವ್ಯವಹಾರ. ವಿನ್ಯಾಸವನ್ನು ಕುಳಿತು ನೋಡಲು ಅರ್ಧ ದಿನವಿಲ್ಲದವರಿಗೆ ದತ್ತಾಂಶ ಸೋರಿದಾಗ ಇಡೀ ತಂಡವನ್ನು ರಾತ್ರಿಯಿಡೀ ಕೂರಿಸಲು ಮಾತ್ರ ಸಮಯ ಹೇಗೋ ಸಿಗುತ್ತದೆ!

‘ನಮ್ಮಂಥ ಸಣ್ಣವರನ್ನು ಯಾರು ಕೇಳುತ್ತಾರೆ?’ 2017ರ ಮೇ ತಿಂಗಳಲ್ಲಿ ಹಬ್ಬಿದ ವಾನ್ನಾಕ್ರೈ ಹುಳು ಯಾರ ವಹಿವಾಟನ್ನೂ ವಿಚಾರಿಸಲಿಲ್ಲ. ಸಿಕ್ಕಸಿಕ್ಕ ಅಂತರ್ಜಾಲ ವಿಳಾಸಗಳನ್ನು ತಡಕುತ್ತ, ದುರ್ಬಲ ಯಂತ್ರ ಕಂಡಲ್ಲೆಲ್ಲ ಹೊಕ್ಕಿತು. ಅಂದಹಾಗೆ, ಹೂಡಿಕೆದಾರರ ಮುಂದೆ ‘ಲಕ್ಷಾಂತರ ಬಳಕೆದಾರರು’ ಎನ್ನುವ ಕಂಪನಿ ಕಳ್ಳರ ವಿಷಯ ಬಂದಾಗ ಇದ್ದಕ್ಕಿದ್ದಂತೆ ಸಣ್ಣದಾಗುವುದು ಹೇಗೆ?

‘ದೋಷ ನಮ್ಮದಲ್ಲ, ಹೊರಗಿನ ಲೈಬ್ರರಿಯದು.’ ಅಪಾಚೆ ಸ್ಟ್ರಟ್ಸ್ ಎಂಬ ಲೈಬ್ರರಿಯ ದೋಷಕ್ಕೆ 2017ರ ಮಾರ್ಚ್‌ನಲ್ಲೇ ಪ್ಯಾಚ್ ಬಂದಿತ್ತು. ಜನರ ಸಾಲದ ವಿವರ ಇಡುವ ಅಮೆರಿಕದ ಕಂಪನಿ ಈಕ್ವಿಫ್ಯಾಕ್ಸ್ ಅದನ್ನು ಎಲ್ಲೆಡೆ ಹಾಕಲಿಲ್ಲ. ಮೇ ತಿಂಗಳಲ್ಲಿ ಅದೇ ಕಿಂಡಿಯಿಂದ ಕಳ್ಳರು ನುಗ್ಗಿದರು. ಸೋರಿದ್ದು ಸುಮಾರು 14.7 ಕೋಟಿ ಜನರ ವಿವರ. 2019ರಲ್ಲಿ ಕನಿಷ್ಠ 57.5 ಕೋಟಿ ಡಾಲರ್ ತೆರಲು ಒಪ್ಪಿದ್ದು ಈಕ್ವಿಫ್ಯಾಕ್ಸೇ ಹೊರತು ಲೈಬ್ರರಿ ಬರೆದವರಲ್ಲ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ತಕ್ಕ ರಕ್ಷಣೆ ಒದಗಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹೇಳುತ್ತದೆ. ಲೈಬ್ರರಿಯಿಂದ ಉಳಿದ ಶ್ರಮ ನಿಮ್ಮದು, ತೊಡಕು ಮಾತ್ರ ಪರರದು ಎಂಬ ಹಂಚಿಕೆ ಅಲ್ಲಿಲ್ಲ.

ಎಲ್ಲ ಸೋತಾಗ ತತ್ತ್ವಜ್ಞಾನ: ‘ಎಷ್ಟು ಪರೀಕ್ಷಿಸಿದರೂ ದೋಷ ಉಳಿಯುತ್ತದೆ, ಹಾರ್ಟ್‌ಬ್ಲೀಡ್ ಎಂಬ ದೋಷ ಎರಡು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲವಲ್ಲ?’ ನಿಜ. ಆ ದೋಷವಿದ್ದ ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್, ಬಂದ ಕೋರಿಕೆ ಹೇಳಿಕೊಂಡ ಉದ್ದ ಸರಿಯೇ ಎಂದು ನೋಡುತ್ತಿರಲಿಲ್ಲ. ಆದರೆ 2014ರಲ್ಲಿ ಅದನ್ನು ಹಿಡಿದವರಲ್ಲಿ ಒಂದು ತಂಡದ ಕೈಯಲ್ಲಿದ್ದದ್ದು ಪರೀಕ್ಷಾ ಸಾಧನವೇ. ಪರೀಕ್ಷೆ ದೋಷವಿದೆಯೆಂದು ತೋರಿಸಬಲ್ಲದು, ಇಲ್ಲವೆಂದು ಸಾಧಿಸಲಾರದು ಎಂದು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಎಂದೋ ಹೇಳಿದ್ದರು. ವಿನ್ಯಾಸ ಬೇಕಾಗುವುದು ಅದಕ್ಕೇ: ಪ್ರತಿ ಭಾಗಕ್ಕೂ ಅಗತ್ಯವಿದ್ದಷ್ಟೇ ಅಧಿಕಾರ ಕೊಡಿ ಎಂದು ಸುರಕ್ಷತಾ ಸಂಶೋಧಕರಾದ ಸಾಲ್ಟ್‌ಜರ್, ಶ್ರೋಡರ್ 1975ರಲ್ಲೇ ಬರೆದದ್ದು, ಒಂದು ಕಿಂಡಿಯಿಂದ ಎಲ್ಲವೂ ಕೈತಪ್ಪದಿರಲೆಂದು.

ಕೊನೆಯಲ್ಲಿ ಒಂದೇ ಪರೀಕ್ಷೆ ಸಾಕು ಎಂದವರೂ ಇವರೇ, ಎಷ್ಟು ಪರೀಕ್ಷೆಯೂ ಸಾಲದು ಎನ್ನುವವರೂ ಇವರೇ. ಎರಡೂ ಏಕಕಾಲಕ್ಕೆ ನಿಜವಾಗಲಾರವು. ಯಾವುದನ್ನು ಕೈಬಿಡುತ್ತಾರೆಂದು ಮೊದಲು ಹೇಳಲಿ; ಮಿಕ್ಕದ್ದಕ್ಕೆ ಉತ್ತರ ಸಿದ್ಧವಿದೆ.