ಬೈಕಿನ ಮಿದುಳು ಯಾರ ಕೈಯಲ್ಲಿರಬೇಕು?

ಹಿರಿಯೂರು ಸಮೀಪದ ಆದಿವಾಲದಲ್ಲಿ ಹೆದ್ದಾರಿ ಬದಿಯ ಚಹಾದಂಗಡಿಯ ಮುಂದೆ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಕುಳಿತವರಿಗೆ ಸಂತೆಯೊಂದು ಹಾದುಹೋದಂತೆ ಭಾಸವಾಗುತ್ತದೆ. ಬೆಂಗಳೂರಿನಿಂದ ನಸುಕಿನಲ್ಲೇ ಹೊರಟ ಸ್ಪೋರ್ಟ್ಸ್ ಬೈಕ್‌ಗಳು ಸಾಲುಗಟ್ಟಿ ಚಿತ್ರದುರ್ಗದ ಕಡೆಗೆ ಧಾವಿಸುತ್ತವೆ. ಅವುಗಳಲ್ಲಿ ಕೆಲವು ಸದ್ದಿಲ್ಲದೆ ಸಾಗಿದರೆ, ಇನ್ನು ಕೆಲವು ಊರಿನ ಗೋಡೆಗಳೇ ಅದುರುವಂತೆ ಆರ್ಭಟಿಸುತ್ತವೆ.

ಇಂತಹ ಒಂದು ಬೆಳಿಗ್ಗೆ, ಯುವಕನೊಬ್ಬ ತನ್ನ ಬೈಕನ್ನು ಅಲ್ಲಿನ ಸಣ್ಣ ಗ್ಯಾರೇಜೊಂದರ ಎದುರು ನಿಲ್ಲಿಸಿದ್ದನ್ನು ಕಂಡೆ. ಹೊಸ ಸೈಲೆನ್ಸರ್ ಹಾಕಿಸಿದ ಮೇಲೆ ಬೈಕು ಪಟಪಟನೆ ಸಿಡಿಯುತ್ತಿದೆ, ಎಂಜಿನ್ ವಿಪರೀತ ಕಾಯುತ್ತಿದೆ ಎಂಬುದು ಅವನ ದೂರು. ಯಮಹಾ ಆರ್‌ಎಕ್ಸ್ 100ರ ಕಾಲದಿಂದಲೂ ಸದ್ದು ಕೇಳಿಯೇ ಕಾರ್ಬ್ಯುರೇಟರ್ ಹದಗೊಳಿಸುತ್ತಿದ್ದ ಮೆಕ್ಯಾನಿಕ್ ಒಮ್ಮೆ ಬಗ್ಗಿ ನೋಡಿ ಕೈಚೆಲ್ಲಿದರು. 'ಇದಕ್ಕೆ ತಿರುಗಿಸೋ ಸ್ಕ್ರೂನೇ ಇಲ್ಲ ಸಾರ್, ಲ್ಯಾಪ್‌ಟಾಪೇ ಬೇಕು' ಎಂದರು. ತಾನಾಗಿಯೇ ಇಂಧನವನ್ನು ಹೊಂದಿಸಿಕೊಳ್ಳುವ ಪೆಟ್ಟಿಗೆಯೊಂದನ್ನು ತರಿಸಿ ಕೂರಿಸುವುದಾಗಿ ಹೇಳಿ ಯುವಕ ಹೊರಟುಹೋದ. ನಮ್ಮ ವಾಹನ ನೀತಿಯಲ್ಲಿ ಇಷ್ಟು ವರ್ಷ ಯಾರೂ ಸರಿಯಾಗಿ ಕೇಳದ ಪ್ರಶ್ನೆಯೊಂದು ಆ ಎರಡು ಮಾತುಗಳ ನಡುವೆ ಅಡಗಿದೆ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಮಾನದಂಡ ಜಾರಿಗೆ ಬಂತು. ಅದರೊಂದಿಗೆ ದ್ವಿಚಕ್ರ ವಾಹನಗಳಲ್ಲಿ ಕಾರ್ಬ್ಯುರೇಟರ್ ಯುಗ ಬಹುಮಟ್ಟಿಗೆ ಮುಗಿಯಿತು. ಈಗ ಎಂಜಿನ್‌ಗೆ ಎಷ್ಟು ಪೆಟ್ರೋಲ್ ಸಿಂಪಡಿಸಬೇಕೆಂಬುದನ್ನು ನಿರ್ಧರಿಸುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಹೊಗೆಕೊಳವೆಯಲ್ಲಿರುವ ಆಮ್ಲಜನಕ ಸೆನ್ಸರ್ ಕೊಡುವ ಮಾಹಿತಿಯಂತೆ, ಸಾಮಾನ್ಯ ಓಟದಲ್ಲಿ ಒಂದು ಪಾಲು ಪೆಟ್ರೋಲ್‌ಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಇರುವಂತೆ ಅದು ನೋಡಿಕೊಳ್ಳುತ್ತದೆ. ಈ ಅನುಪಾತಕ್ಕೆ ಕಾರಣವಿದೆ. ವಿಷಾನಿಲಗಳನ್ನು ಶಮನಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಅತ್ಯುತ್ತಮವಾಗಿ ಕೆಲಸ ಮಾಡುವುದು ಆ ಬಿಂದುವಿನ ಆಸುಪಾಸಿನಲ್ಲಿ ಮಾತ್ರ.

ಮಾರುಕಟ್ಟೆಯಲ್ಲಿ ದೊರೆಯುವ ಹೆಚ್ಚುವರಿ ಮಾಡ್ಯೂಲ್ ಈ ವ್ಯವಸ್ಥೆಯ ನಡುವೆ ಬಂದು ಕೂರುತ್ತದೆ. ಸೆನ್ಸರ್‌ನ ಸಂಕೇತವನ್ನು ತಾನು ಓದಿಕೊಂಡು, ಇಂಜೆಕ್ಟರ್ ತೆರೆದಿರುವ ಅವಧಿಯನ್ನು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಹಿಗ್ಗಿಸುತ್ತದೆ. ಓಡುತ್ತ ಓಡುತ್ತ ಕಲಿಯುತ್ತ ಹೋಗುತ್ತದೆ. ಫಲವಾಗಿ ಮಿಶ್ರಣದಲ್ಲಿ ಪೆಟ್ರೋಲ್ ತುಸು ಹೆಚ್ಚುತ್ತದೆ, ಎಂಜಿನ್‌ನ ಕಾವು ತಗ್ಗುತ್ತದೆ, ಕಡಿಮೆ ವೇಗದಲ್ಲಿ ಜಗ್ಗಾಟ ನಿಲ್ಲುತ್ತದೆ. ಇದು ವಿದೇಶದಿಂದ ಬಂದ ಮೋಜಿನ ವಸ್ತುವಷ್ಟೇ ಅಲ್ಲ. ಪವರ್‌ಟ್ರಾನಿಕ್, ಫ್ಯೂಯೆಲ್‌ಎಕ್ಸ್ ಹೆಸರಿನ ಇಂತಹ ಸಾಧನಗಳನ್ನು ರೂಪಿಸಿರುವ ರೇಸ್ ಡೈನಮಿಕ್ಸ್ ನಮ್ಮ ಬೆಂಗಳೂರಿನದೇ ಸಂಸ್ಥೆ. ಜಾವಾ ಮತ್ತು ಯೆಜ್ಡಿಗಳು ಮೈಸೂರಿನಲ್ಲಿ ತಯಾರಾದ ನಾಡಿನಲ್ಲಿ ಇಂತಹ ಕೌಶಲ ಅರಳಿದ್ದರೆ ಅಚ್ಚರಿಯೇನಿಲ್ಲ, ಹೆಮ್ಮೆಪಡಬೇಕಾದ ಸಂಗತಿಯೇ ಅದು.

ಆದರೆ ಅರ್ಥಶಾಸ್ತ್ರದ ಮೊದಲ ಪಾಠವನ್ನು ಮರೆಯುವಂತಿಲ್ಲ. ಸುಖ ಸವಾರನದು, ಅದರ ವೆಚ್ಚದ ಒಂದು ಭಾಗ ಮಾತ್ರ ಊರಿನದು. ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾದಾಗ ಕಾರ್ಬನ್ ಮೊನಾಕ್ಸೈಡ್ ಮತ್ತು ಉರಿಯದ ಹೈಡ್ರೋಕಾರ್ಬನ್‌ಗಳು ಹೆಚ್ಚುತ್ತವೆ. ಸೈಲೆನ್ಸರ್ ಬದಲಿಸುವ ನೆಪದಲ್ಲಿ ಕ್ಯಾಟಲಿಟಿಕ್ ಕನ್ವರ್ಟರನ್ನೇ ಕಿತ್ತುಹಾಕಿದರಂತೂ ಬಿಎಸ್-6ಕ್ಕಾಗಿ ಗ್ರಾಹಕರು ತೆತ್ತ ಹೆಚ್ಚುವರಿ ಬೆಲೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹೆದ್ದಾರಿ ಬದಿಯ ಮನೆಯಲ್ಲಿ ಪರೀಕ್ಷೆಗೆ ಓದುತ್ತಿರುವ ಮಗುವಿಗೆ, ಹಾಸಿಗೆ ಹಿಡಿದ ವೃದ್ಧರಿಗೆ ಆ ಆರ್ಭಟದಿಂದ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.

ಕಾನೂನು ಏನು ಹೇಳುತ್ತದೆ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ನೀಡಿತು. ಬಿಡಿಭಾಗ ಮಾರುವವನಿಗೆ ಒಂದು ಲಕ್ಷ ರೂಪಾಯಿ ದಂಡ ವಿಧಿಸುವ ನಿಯಮವೂ ಇದೆ, ಆದರೆ ಅದು ಅನ್ವಯವಾಗುವುದು ಕೇಂದ್ರ ಸರ್ಕಾರ ಅಧಿಸೂಚಿಸಿದ ಸುರಕ್ಷತಾ ಭಾಗಗಳಿಗೆ. ಹೀಗಾಗಿ ಕೊಂಡ ಹುಡುಗ ಸಿಕ್ಕಿಬೀಳುತ್ತಾನೆ, ಮಾರಿದವ ಅಂಗಡಿಯಲ್ಲಿ ನಿಶ್ಚಿಂತೆಯಿಂದಿರುತ್ತಾನೆ. ರಾಜ್ಯದ ಹಲವು ನಗರಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಹರಿಸಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ದೃಶ್ಯ ಚೆನ್ನಾಗಿದೆ, ಆದರೆ ಪರಿಣಾಮ?

ಹೊಗೆ ತಪಾಸಣೆಯ ಮಿತಿಯೂ ಇಲ್ಲಿ ಬಯಲಾಗುತ್ತದೆ. ಬೈಕು ನಿಂತಲ್ಲೇ ನಿಧಾನವಾಗಿ ಓಡುತ್ತಿರುವಾಗ ಮಾಡುವ ಆ ಪರೀಕ್ಷೆ, ಹೆದ್ದಾರಿಯಲ್ಲಿ ಪೂರ್ಣ ವೇಗದಲ್ಲಿ ಉಗುಳುವ ಅನಿಲವನ್ನು ಅಳೆಯುವುದಿಲ್ಲ.

ಹಾಗೆಂದು ಎಲ್ಲ ಮಾರ್ಪಾಡನ್ನೂ ಅಪರಾಧವೆಂದು ಕಾಣುವುದು ಸರಿಯಲ್ಲ. ನಾಣ್ಯಕ್ಕೆ ಇನ್ನೊಂದು ಮುಖವಿದೆ. ಮಾಲಿನ್ಯದ ಹೆಸರಿನಲ್ಲಿ ಬೈಕಿನ ಮಿದುಳಿಗೆ ಬೀಗ ಬಿದ್ದಿದೆ, ಬೀಗದ ಕೈ ಕಂಪನಿಯ ಬಳಿ ಮಾತ್ರ ಇದೆ. ಆದಿವಾಲದ ಮೆಕ್ಯಾನಿಕ್ ಕೈಚೆಲ್ಲಿದ್ದು ಜ್ಞಾನದ ಕೊರತೆಯಿಂದಲ್ಲ, ಮಾಹಿತಿ ಅವರಿಗೆ ನಿಲುಕದಿರುವುದರಿಂದ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಕುರಿತು ಸಮಿತಿ ರಚಿಸಿ, ಮೋಟಾರು ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಆ ಹಕ್ಕು ಹಳ್ಳಿಯ ಗ್ಯಾರೇಜನ್ನು ತಲುಪದಿದ್ದರೆ ಸವಾರರು ಕಳ್ಳದಾರಿ ಹುಡುಕುವುದು ಸಹಜ.

ದಾರಿ ಇಲ್ಲದಿಲ್ಲ, ನಮ್ಮ ಕಾನೂನಿನಲ್ಲೇ ಅದರ ಮಾದರಿಯಿದೆ. ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಅಳವಡಿಸುವುದೂ ಮಾರ್ಪಾಡೇ. ಆದರೂ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ದೊರೆತ ಕಿಟ್ ಆಗಿದ್ದರೆ ಕಾಯ್ದೆ ಅದನ್ನು ಒಪ್ಪುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮಾಲಿನ್ಯ ಹೆಚ್ಚಿಸುವುದಿಲ್ಲವೆಂದು ಸಾಬೀತಾದ ಹೆಚ್ಚುವರಿ ಬಿಡಿಭಾಗಗಳಿಗೆ ಅಲ್ಲಿನ ವಾಯು ಸಂಪನ್ಮೂಲ ಮಂಡಳಿ ಆದೇಶ ಸಂಖ್ಯೆ ನೀಡುತ್ತದೆ. ಇಂಧನ ಮಾಡ್ಯೂಲ್‌ಗಳಿಗೂ ಇಂತಹ ಪರೀಕ್ಷೆಯನ್ನು ಪುಣೆಯ ಎಆರ್‌ಎಐನಂತಹ ಸಂಸ್ಥೆಗಳಲ್ಲಿ ಏಕೆ ನಡೆಸಬಾರದು? ಉತ್ತೀರ್ಣವಾದದ್ದು ರಸ್ತೆಗೆ, ಉಳಿದದ್ದು ರೇಸ್ ಟ್ರ್ಯಾಕಿಗೆ ಮಾತ್ರ. ಪ್ರಾಮಾಣಿಕ ತಯಾರಕರಿಗೆ ಇದರಿಂದ ಲಾಭವೇ ಹೊರತು ನಷ್ಟವಿಲ್ಲ.

ಜೊತೆಗೆ ಮಾಲಿನ್ಯ ನಿಯಂತ್ರಣದ ಭಾಗಗಳನ್ನೂ ಅಧಿಸೂಚಿಸಿ ಮಾರಾಟಗಾರನನ್ನು ಹೊಣೆಗಾರನನ್ನಾಗಿಸಬೇಕು. ಹೊಗೆ ತಪಾಸಣೆಯ ವೇಳೆ ಕನ್ವರ್ಟರ್ ಇದೆಯೇ, ಇಸಿಯು ದೋಷ ತೋರಿಸುತ್ತಿದೆಯೇ ಎಂಬುದನ್ನೂ ನೋಡಬೇಕು. ತಾಲ್ಲೂಕುಗಳ ಐಟಿಐಗಳಲ್ಲಿ ಹಳೆಯ ಮೆಕ್ಯಾನಿಕ್‌ಗಳಿಗೆ ಇಂಧನ ಇಂಜೆಕ್ಷನ್ ಕುರಿತು ಕಿರು ತರಬೇತಿ ಆರಂಭಿಸಲು ದೊಡ್ಡ ಅನುದಾನವೇನೂ ಬೇಕಿಲ್ಲ.

ಆಡಳಿತದಲ್ಲಿ ದಶಕಗಳನ್ನು ಕಳೆದ ನನಗೆ ಒಂದು ಅನುಭವ ಗಟ್ಟಿಯಾಗಿದೆ. ಪಾಲಿಸಲು ದಾರಿಯನ್ನೇ ತೋರಿಸದ ನಿಷೇಧ ಪ್ರಜೆಗಳಿಗೆ ಕಲಿಸುವುದು ತಪ್ಪಿಸಿಕೊಳ್ಳುವ ಕಲೆಯನ್ನು. ಆ ಯುವಕ ಈ ಹೊತ್ತಿಗೆ ಪೆಟ್ಟಿಗೆ ಕೂರಿಸಿಕೊಂಡಿರಬಹುದು. ಅದು ಕಾನೂನುಬದ್ಧವೇ, ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆದೀತೇ ಎಂಬುದನ್ನು ಅವನಿಗೆ ತಿಳಿಹೇಳಿದವರು ಯಾರೂ ಇರಲಾರರು. ಹೇಳಬೇಕಾದ ಹೊಣೆ ಇದ್ದದ್ದು ಸರ್ಕಾರಕ್ಕೆ.