ರಜೆಯ ದಿನಗಳ ಉಮೇದುವಾರಿ

ಇತ್ತೀಚೆಗೆ ನಮ್ಮ ಕಾಲೇಜುಗಳಲ್ಲಿ ‘ಇಂಟರ್ನ್‌ಶಿಪ್’ ಎಂಬ ಮಾತು ಬಹಳವಾಗಿ ಕೇಳಿಬರುತ್ತಿದೆ. ವಿದ್ಯಾರ್ಥಿಯಾದವನು ರಜೆಯಲ್ಲಿ ಯಾವುದಾದರೊಂದು ಕಚೇರಿಗೆ ಹೋಗಿ, ಅಲ್ಲಿನ ಕೆಲಸಕಾರ್ಯಗಳನ್ನು ಕಂಡು, ಕೈಲಾದಷ್ಟನ್ನು ತಾನೂ ಮಾಡಿ, ಕೊನೆಗೊಂದು ಪ್ರಮಾಣಪತ್ರ ಪಡೆದು ಬರಬೇಕೆಂಬುದು ಇದರ ತಾತ್ಪರ್ಯ. ಪುಸ್ತಕದ ವಿದ್ಯೆಯೊಡನೆ ಲೋಕದ ವಿದ್ಯೆಯೂ ಕೂಡಲೆಂಬ ಉದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಎರಡು ತಿಂಗಳ ಊಟದ ಖರ್ಚು ಯಾರದೆಂಬ ಪ್ರಶ್ನೆಯನ್ನು ಎತ್ತುವವರು ಕಡಿಮೆ. ಸರಕಾರದ ಯಾವ ಕಚೇರಿಯೂ ವಿದ್ಯಾರ್ಥಿಯಿಂದ ಬಿಟ್ಟಿಯಾಗಿ ದುಡಿಸಿಕೊಳ್ಳಬಾರದೆಂಬುದೂ, ನಮ್ಮ ಚಳ್ಳಕೆರೆ, ಮೊಳಕಾಲ್ಮೂರುಗಳಂಥ ಕಡೆ ಸಂಬಳದ ರಜಾಕೆಲಸವನ್ನು ಸರಕಾರವೇ ಸಮೀಪದಲ್ಲಿ ಒದಗಿಸಬೇಕೆಂಬುದೂ ನನ್ನ ಅಭಿಪ್ರಾಯ.

ಇದು ಹೊಸ ಪದ್ಧತಿಯೆಂದು ಹೇಳುವವರು ‘ಉಮೇದುವಾರಿ’ ಎಂಬ ಹಳೆಯ ಮಾತನ್ನು ಮರೆತಿದ್ದಾರೆ. ಹಿಂದೆ ಕಚೇರಿಗಳಲ್ಲಿ ಉಮೇದುವಾರರೆಂಬವರು ಇರುತ್ತಿದ್ದರು. ಅವರಿಗೆ ಸಂಬಳವಿರಲಿಲ್ಲ. ಕಾಗದಗಳ ನಕಲು ಬರೆಯುವುದು, ಗುಮಾಸ್ತೆಯು ಹೇಳಿದ ಲೆಕ್ಕವನ್ನು ಕೂಡಿಸುವುದು, ಜಾಗ ಖಾಲಿಯಾದರೆ ತನಗೆ ಸಿಗಬಹುದೆಂದು ಕಾಯುವುದು, ಇಷ್ಟೇ ಅವರ ಪಾಡು. ಹೀಗೆ ಕಾಯಲು ಶಕ್ತಿಯಿದ್ದವರು ಯಾರು? ಪೇಟೆಯಲ್ಲಿ ನೆಂಟರ ಮನೆಯಿದ್ದವರು, ಊರಿನಿಂದ ಅಕ್ಕಿ ಬೇಳೆ ಬರುತ್ತಿದ್ದವರು. ಮೈಸೂರು ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದ ವರ್ಗದವರು ಏಕೆ ಇಷ್ಟು ಕಡಿಮೆಯೆಂದು ವಿಚಾರಿಸಲು 1918ರಲ್ಲಿ ಮಿಲ್ಲರ್ ಸಮಿತಿಯನ್ನೇ ನೇಮಿಸಬೇಕಾಗಿ ಬಂತು. ನೂರು ವರ್ಷಗಳ ತರುವಾಯ ಅದೇ ಉಮೇದುವಾರಿಯು ಇಂಗ್ಲಿಷ್ ಹೆಸರು ತೊಟ್ಟು ಬಂದರೆ ನಾವು ಅದನ್ನು ಗುರುತಿಸಬೇಡವೇ?

ನನ್ನಿವಾಳದಂಥ ಊರಿನಲ್ಲಿ ರಜೆಯೆಂದರೇನೆಂಬುದನ್ನು ಪಟ್ಟಣದ ಮಿತ್ರರಿಗೆ ತಿಳಿಸಬೇಕಾಗಿದೆ. ನಮ್ಮದು ಮಳೆಯನ್ನು ನೆಚ್ಚಿದ ಶೇಂಗಾ ಸೀಮೆ. ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳಿಗೆ ರಜೆಯೆಂಬುದೇ ಇಲ್ಲ. ಕಾಲೇಜಿನ ಹುಡುಗನಿಗೆ ರಜೆ ಬಂತೆಂದರೆ ಮನೆಯಲ್ಲಿ ಎರಡು ಕೈ ಹೆಚ್ಚಾದುವೆಂದು ಅರ್ಥ. ಅವನು ಹೊಲಕ್ಕೆ ಹೋಗುತ್ತಾನೆ. ಇಲ್ಲವೇ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗಿ ಮುಂದಿನ ವರ್ಷದ ಫೀಜನ್ನು ಹೊಂದಿಸಿಕೊಂಡು ಬರುತ್ತಾನೆ. 2025-26ನೇ ಸಾಲಿನಲ್ಲಿ ನಮ್ಮ ರಾಜ್ಯಕ್ಕೆ ಉದ್ಯೋಗ ಖಾತರಿಯ ದಿನಗೂಲಿಯೆಂದು ನಿಗದಿಯಾಗಿದ್ದುದು ರೂ. 370. ತಿಂಗಳಿಗೆ 26 ದಿನದಂತೆ ಲೆಕ್ಕ ಹಾಕಿದರೆ ರೂ. 9,620 ಆಗುತ್ತದೆ, ಎರಡು ತಿಂಗಳಿಗೆ ರೂ. 19,240. ಬಿಟ್ಟಿ ಇಂಟರ್ನ್‌ಶಿಪ್ಪಿಗೆ ಹೋಗುವ ಬಡ ವಿದ್ಯಾರ್ಥಿಯು ಇಷ್ಟು ಹಣವನ್ನು ತನ್ನ ಕೈಯಿಂದ ಸರಕಾರಕ್ಕೆ ದಾನ ಮಾಡಿದಂತಾಯಿತು. ಬಸ್ಸಿನ ಖರ್ಚು ಬೇರೆ. ಒಂದು ಕಚೇರಿಯಲ್ಲಿ (ಹೆಸರು ಬೇಡ) ನಾನು ಈ ಮಾತನ್ನು ಮೆಲ್ಲಗೆ ಎತ್ತಿದಾಗ, “ಸರ್ಟಿಫಿಕೇಟ್ ಕೊಡ್ತೀವಲ್ಲಪ್ಪಾ, ಇನ್ನೇನು ಬೇಕು?” ಎಂದರು. ಸರ್ಟಿಫಿಕೇಟನ್ನು ನೋಡಿ ಯಾವ ಕಂಡಕ್ಟರನೂ ಚೀಟಿ ಹರಿದು ಕೊಡುವುದಿಲ್ಲ.

ಸರಕಾರಕ್ಕೆ ಹಣ ಕೊಡುವುದು ಸಾಧ್ಯವೇ ಇಲ್ಲವೆಂದೇನೂ ಅಲ್ಲ. ರಿಸರ್ವ್ ಬ್ಯಾಂಕು ಬೇಸಗೆಯಲ್ಲಿ ತೆಗೆದುಕೊಳ್ಳುವ ವಿದ್ಯಾರ್ಥಿಗಳಿಗೆ ತಿಂಗಳಿಗೆ ರೂ. 20,000 ಕೊಟ್ಟಿದೆ. ಆದರೆ ಅದು ಸ್ನಾತಕೋತ್ತರ ತರಗತಿಯವರಿಗೆ ಮತ್ತು ಕಾನೂನು ಓದುವವರಿಗೆ, ನಮ್ಮಂಥ ಬಿ.ಎ. ವಿದ್ಯಾರ್ಥಿಗಳಿಗಲ್ಲ. ವಿದೇಶಾಂಗ ಮಂತ್ರಾಲಯವು 2022ರಲ್ಲಿ ಪ್ರಕಟಿಸಿದ ಯೋಜನೆಯಲ್ಲಿ ತಿಂಗಳಿಗೆ ರೂ. 10,000 ಗೌರವಧನವೂ ದೆಹಲಿಗೆ ಹೋಗಿಬರುವ ವಿಮಾನದ ಖರ್ಚೂ ಸೇರಿದ್ದುವು. ಇದು ಮೆಚ್ಚತಕ್ಕ ಏರ್ಪಾಡು. ಇದಕ್ಕೆ ವಿರುದ್ಧವಾಗಿ ನೀತಿ ಆಯೋಗವನ್ನು ನೋಡಿರಿ. ಅದರ ನಿಯಮಗಳ ಪ್ರಕಾರ ಸಂಭಾವನೆಯಿಲ್ಲ, ಲ್ಯಾಪ್‌ಟಾಪನ್ನು ವಿದ್ಯಾರ್ಥಿಯೇ ತರಬೇಕು. ದೇಶದ ಬಡತನವನ್ನು ಕುರಿತು ಯೋಚಿಸುವ ಸಂಸ್ಥೆಯ ಬಾಗಿಲಲ್ಲಿ ಬಡವನ ಮಗನಿಗೆ ಪ್ರವೇಶ ಇಷ್ಟು ಕಷ್ಟವಾಗಿದೆ! 2024ರ ಅಕ್ಟೋಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ತಿಂಗಳಿಗೆ ರೂ. 5,000 ಇಟ್ಟಿದ್ದರು. ಅದು ದೊಡ್ಡ ಕಂಪನಿಗಳಲ್ಲಿ ಒಂದು ವರ್ಷದ ಕೆಲಸ. ಪೂರ್ಣಾವಧಿ ಓದುತ್ತಿರುವವರಿಗೆ ಅದರಲ್ಲಿ ಅವಕಾಶವಿರಲಿಲ್ಲ. ನಮ್ಮ ರಾಜ್ಯದ ಯುವನಿಧಿಯಾದರೋ, ಪದವಿ ಪಡೆದು ಆರು ತಿಂಗಳು ಕೆಲಸವಿಲ್ಲದೆ ಕುಳಿತವರಿಗೆ ತಿಂಗಳಿಗೆ ರೂ. 3,000ದಂತೆ ಎರಡು ವರ್ಷದವರೆಗೆ ಕೊಡುವುದಕ್ಕಾಗಿ 2024ರ ಜನವರಿಯಲ್ಲಿ ಜಾರಿಗೆ ಬಂದಿತು. ಕೆಲಸವಿಲ್ಲದೆ ಕುಳಿತ ಮೇಲೆ ಕೊಡುವ ಹಣದಲ್ಲಿ ಒಂದು ಪಾಲನ್ನು ಓದುತ್ತಿರುವಾಗಲೇ ಕೊಟ್ಟು ಕೆಲಸ ಕಲಿಸಿದರೆ ನಷ್ಟವೇನು?

ಕಲಿಯಲು ಬಂದವನಿಗೆ ಕೂಲಿಯೇಕೆ, ಹಣದಾಸೆ ಹುಟ್ಟಿದರೆ ಸೇವಾಭಾವ ಹಾಳಾಗುವುದಿಲ್ಲವೇ ಎಂದು ನಮ್ಮ ಅಧ್ಯಾಪಕರಲ್ಲಿ ಕೆಲವರು ಆಕ್ಷೇಪಿಸುತ್ತಾರೆ. ಅವರ ಮೇಲಿನ ಗೌರವದಿಂದಲೇ ಉತ್ತರ ಹೇಳುತ್ತೇನೆ. ಸೇವೆಗೆ ಎನ್.ಎಸ್.ಎಸ್. ಶಿಬಿರವಿದೆ, ಅಲ್ಲಿ ನಾವು ಸಂತೋಷದಿಂದ ಗುದ್ದಲಿ ಹಿಡಿದಿದ್ದೇವೆ. ಆದರೆ ಹತ್ತು ಗಂಟೆಯಿಂದ ಐದೂವರೆಯವರೆಗೆ ಕಡತ ಜೋಡಿಸುವ ಕೆಲಸವು ಕೆಲಸವೇ. ಕಲಿಯುವವನಿಗೂ ಭತ್ಯೆ ಕೊಡಬೇಕೆಂದು 1961ರ ಅಪ್ರೆಂಟಿಸ್ ಕಾಯಿದೆಯು ಕಾರ್ಖಾನೆಗಳಿಗೆ ವಿಧಿಸಿದೆ. 2014ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಅಲ್ಲದ ಪದವೀಧರರೂ ಅದರೊಳಗೆ ಬಂದಿದ್ದಾರೆ. ಕಾರ್ಖಾನೆಯವರಿಗೆ ಹೇಳಿದ ನೀತಿಯನ್ನು ಸರಕಾರವು ತನ್ನ ಕಚೇರಿಯಲ್ಲಿ ತಾನೂ ನಡೆಸಲಿ.

ಇನ್ನು ಬಿ.ಎ. ಓದುವವರಿಂದ ಏನಾದೀತೆಂಬ ಮಾತು. ಇದಕ್ಕೆ ಉತ್ತರ ನಮ್ಮ ಸೀಮೆಯಲ್ಲೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಎಡೆಗಳಲ್ಲಿ ಅಶೋಕನ ಶಾಸನಗಳಿವೆ. ರೈಸ್ ಸಾಹೇಬರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ವೀಲರ್ ಸಾಹೇಬರು 1947ರಲ್ಲಿ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಈ ಹೆಸರುಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ನಮ್ಮ ಇತಿಹಾಸದ ವಿದ್ಯಾರ್ಥಿಗಳನ್ನು ಪುರಾತತ್ತ್ವ ಇಲಾಖೆಯು ಎರಡು ತಿಂಗಳು ಅಲ್ಲಿಗೆ ಕಳುಹಿಸಿದರೆ, ಬಂದ ಶಾಲಾಮಕ್ಕಳಿಗೆ ಶಾಸನದ ಅರ್ಥವನ್ನು ಕನ್ನಡದಲ್ಲಿ ತಿಳಿಸಬಹುದು; ಸುತ್ತಲಿನ ಹಳ್ಳಿಗಳ ವೀರಗಲ್ಲು, ಮಾಸ್ತಿಕಲ್ಲುಗಳ ಪಟ್ಟಿ ಮಾಡಬಹುದು. ಆ ಶಾಸನವನ್ನು ಬರೆದ ಲಿಪಿಕಾರ ಚಪಡನು ಕೊನೆಯಲ್ಲಿ ತನ್ನ ಹೆಸರನ್ನು ಹಾಕಿದ್ದಾನೆ. ಸರಕಾರೀ ಕೆಲಸ ಮಾಡಿದವನ ಹೆಸರು ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಕಲ್ಲಿನ ಮೇಲೆ ಉಳಿಯಿತು. ಈಗಿನ ಉಮೇದುವಾರನ ಹೆಸರು ಸಂಬಳದ ಪಟ್ಟಿಯಲ್ಲೂ ಇಲ್ಲ.

ಹಾಡು, ಕಥೆಗಳ ವಿಷಯವೂ ಹಾಗೆಯೇ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಬರೆದುಕೊಳ್ಳದಿದ್ದರೆ ಅವು ಆಕೆಯೊಡನೆಯೇ ಹೋಗುತ್ತಿದ್ದುವು. ಮ್ಯಾಸಬೇಡರ ಕಟ್ಟೆಮನೆಯಾದ ನನ್ನಿವಾಳದಲ್ಲಿ, ಹಟ್ಟಿಹಟ್ಟಿಗಳಲ್ಲಿ, ಇಂದಿಗೂ ಹಾಡಬಲ್ಲ ಅಜ್ಜ ಅಜ್ಜಿಯರಿದ್ದಾರೆ. ಅವರ ಮಾತಿನ ಜಾಡು ಹೊರಗಿನ ಪಂಡಿತರಿಗಿಂತ ಅವರ ಮೊಮ್ಮಕ್ಕಳಿಗೆ ಚೆನ್ನಾಗಿ ತಿಳಿಯುತ್ತದೆ. ಜಾನಪದ ಅಕಾಡೆಮಿಯು ಆ ಮೊಮ್ಮಕ್ಕಳಿಗೆ ಒಂದು ಧ್ವನಿಮುದ್ರಣ ಯಂತ್ರವನ್ನೂ ದಿನಗೂಲಿಯನ್ನೂ ಕೊಟ್ಟು ನೋಡಲಿ. ಆದರೆ ಬೇಗ ಕೊಡಬೇಕು, ಹಾಡುವವರಿಗೆ ವಯಸ್ಸಾಗುತ್ತಿದೆ.

ನಮ್ಮ ತಾಲ್ಲೂಕಿನ ದೊಡ್ಡ ಸಂಸ್ಥೆಗಳನ್ನು ಹೇಗೆ ಮರೆಯಲಿ? ಅಮೃತಮಹಲ್ ಕಾವಲಿನ ನೆಲದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,000 ಎಕರೆಗೂ ಮೇಲ್ಪಟ್ಟು, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಸಂದಿತು. ಇಸ್ರೋದ ಮರುಬಳಕೆಯ ವಾಹನವು 2023ರ ಏಪ್ರಿಲ್ 2ರಂದು ಇಲ್ಲಿಯ ಓಡುದಾರಿಯಲ್ಲಿ ತಾನಾಗಿಯೇ ಬಂದಿಳಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ವಿಮಾನ ಹಾರಿಸಲು ನಮ್ಮನ್ನು ಕರೆಯಿರೆಂದು ಕೇಳುವ ಹುಚ್ಚು ನನಗಿಲ್ಲ. ಆದರೆ ಅಲ್ಲಿ ಗ್ರಂಥಾಲಯವಿರುತ್ತದೆ, ಲೆಕ್ಕಪತ್ರವಿರುತ್ತದೆ, ಹಳ್ಳಿಯವರಿಗೆ ಕನ್ನಡದಲ್ಲಿ ತಿಳಿಸಬೇಕಾದ ಸಂಗತಿಗಳಿರುತ್ತವೆ. ಕುದಾಪುರದ ಆವರಣದಲ್ಲಿ ವಿಜ್ಞಾನ ಸಂಸ್ಥೆಯವರು ಶಾಲಾ ಉಪಾಧ್ಯಾಯರಿಗೆ ತರಬೇತಿ ಕೊಡುತ್ತ ಬಂದಿದ್ದಾರೆ. ಅದರ ಪಾಠಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ರಜೆಯಲ್ಲಿ ನಾಲ್ವರು ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ಒದಗಬಾರದೇ? ದನ ಮೇಯುತ್ತಿದ್ದ ನೆಲಕ್ಕೆ ಬೇಲಿ ಬಂದ ಮೇಲೆ ಬೇಲಿಯೊಳಗೆ ನಮ್ಮವರಿಗೂ ಒಂದು ಕುರ್ಚಿ ಇರಲಿ.

ಕೆಲಸವು ಸಮೀಪದಲ್ಲಿರಬೇಕೆಂದು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ತರಗತಿಯ ಹೆಣ್ಣುಮಕ್ಕಳಲ್ಲಿ ಅನೇಕರನ್ನು ಮನೆಯವರು ದೆಹಲಿಗಿರಲಿ, ಬೆಂಗಳೂರಿಗೂ ಎರಡು ತಿಂಗಳು ಕಳುಹಿಸುವುದಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುವ ಕೆಲಸವಾದರೆ ಬೇಡವೆನ್ನುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಸರಕಾರಿ ಬಸ್ಸಿನ ಖರ್ಚೂ ತಪ್ಪಿದೆ.

ಸಂಬಳವೆಂದೊಡನೆ ಶಿಫಾರಸು ಹಿಂದೆಯೇ ಬರುತ್ತದೆಂಬ ಭಯ ನನಗೂ ಉಂಟು. ಆದಕಾರಣ ಅರ್ಜಿಯನ್ನು ಕಾಲೇಜಿನ ಮೂಲಕವೇ ಕರೆದು, ಅರ್ಹರು ಹೆಚ್ಚಾದರೆ ಎಲ್ಲರೆದುರು ಚೀಟಿ ಎತ್ತಿ, ಹಣವನ್ನು ನೇರವಾಗಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಜಮಾ ಮಾಡಲಿ. ಸೆಮಿಸ್ಟರ್ ಪದ್ಧತಿಯಲ್ಲಿ ನಮ್ಮ ರಜೆ ಬೇಸಗೆಯಲ್ಲೇ ಬೀಳುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ತಿಂಗಳನ್ನು ವಿಶ್ವವಿದ್ಯಾನಿಲಯದ ಪರೀಕ್ಷಾ ವೇಳಾಪಟ್ಟಿ ನೋಡಿಯೇ ಗೊತ್ತುಮಾಡಬೇಕು. ಮೇಲೆ ಹೇಳಿದ ದಿನಗೂಲಿಯ ದರದಲ್ಲಿ ಎರಡು ತಾಲ್ಲೂಕುಗಳ 50 ವಿದ್ಯಾರ್ಥಿಗಳಿಗೆ ಎರಡು ತಿಂಗಳಿಗೆ ತಗಲುವ ವೆಚ್ಚ ರೂ. 9,62,000.