ಗೃಹಚಿಂತನ: ಕೈ ಬಿಗಿಯಾದಾಗ ಬಯಕೆಯ ಅಳತೆ

ಬಯಕೆ ಮನುಷ್ಯನಿಗೆ ಸಹಜವಾದುದು. ಅದು ಹುಟ್ಟುವುದೇ ತಪ್ಪೆಂದು ಹೇಳುವವರುಂಟು. ಬಯಸಿದ್ದನ್ನೆಲ್ಲ ಪಡೆಯುವುದೇ ಬಾಳಿನ ಗುರಿಯೆಂದು ಬಗೆದವರೂ ಉಂಟು. ಸಂಸಾರಿಗಳು ಇವೆರಡರ ನಡುವಿನ ದಾರಿಯಲ್ಲಿ ನಡೆಯಬೇಕಾದವರು. ಆದಾಯ ತುಂಬಿ ಬರುತ್ತಿರುವಾಗ ಈ ದಾರಿ ಬಹು ವಿಶಾಲವಾಗಿ ತೋರುತ್ತದೆ. ಕೈ ಬಿಗಿಯಾದಾಗಲೇ ಅದರ ನಿಜವಾದ ಅಗಲ ನಮಗೆ ತಿಳಿಯುವುದು.

ನಮ್ಮ ಅನೇಕ ಮನೆಗಳ ಮಕ್ಕಳು ಇಂದು ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿ ಕಾರು ಕಾಲಿನಷ್ಟೇ ಅಗತ್ಯ. ಅಗತ್ಯ ತೀರಿದ ಮೇಲೆ ಕೆಲವರ ಮನಸ್ಸು ಸ್ಪೋರ್ಟ್ಸ್ ಕಾರಿನ ಕಡೆಗೆ ಹರಿಯುತ್ತದೆ. ಅಷ್ಟರಲ್ಲಿ ಕಾಲ ಬದಲಾಗುವುದುಂಟು. 2022ರ ಕೊನೆಯಲ್ಲಿಯೂ 2023ರಲ್ಲಿಯೂ ಅಲ್ಲಿಯ ದೊಡ್ಡ ದೊಡ್ಡ ತಂತ್ರಜ್ಞಾನ ಸಂಸ್ಥೆಗಳು ಸಾವಿರಾರು ಮಂದಿಯನ್ನು ಕೆಲಸದಿಂದ ಬಿಡಿಸಿದುದನ್ನು ನಾವೆಲ್ಲ ಕಂಡಿದ್ದೇವೆ. ಇಂಥ ಸಮಯದಲ್ಲಿ ಬಹುಕಾಲದ ಆಸೆಯೊಂದನ್ನು ಏನು ಮಾಡಬೇಕು? ಪೂರ್ತಿ ಬಿಟ್ಟುಬಿಡಬೇಕೇ? ಸಾಲ ಮಾಡಿಯಾದರೂ ತೀರಿಸಿಕೊಳ್ಳಬೇಕೇ? ಅಥವಾ ಅದನ್ನೇ ಚಿಕ್ಕ ಅಳತೆಯಲ್ಲಿ ಪಡೆಯಬಹುದೇ? ಊರಿನಲ್ಲಿರುವ ಹಿರಿಯರಿಗೆ ಇದು ಹುಡುಗಾಟಿಕೆಯ ಪ್ರಶ್ನೆಯೆನಿಸಬಹುದು. ಆದರೆ ಮನೆಯ ನೆಮ್ಮದಿ ಕದಡುವುದು ಅನೇಕ ವೇಳೆ ಇಂಥ ಪ್ರಶ್ನೆಗಳಿಂದಲೇ.

ಮೊದಲು ಈ ವಸ್ತುವಿನ ಸ್ವರೂಪವನ್ನು ಅರಿಯೋಣ. ಸ್ಪೋರ್ಟ್ಸ್ ಕಾರೆಂದರೆ ಕೇವಲ ಅತಿವೇಗದ ವಾಹನವಲ್ಲ. ಹಗುರವಾದ ಮೈ, ನೆಲಕ್ಕೆ ಸಮೀಪವಾದ ಆಸನ, ಕೈಯ ಸನ್ನೆಗೆ ಒಡನೆಯೇ ಓಗೊಡುವ ಸ್ಟಿಯರಿಂಗ್, ಸಾಮಾನ್ಯವಾಗಿ ಇಬ್ಬರಿಗೆ ಮಾತ್ರ ಸ್ಥಳ - ಇವು ಅದರ ಲಕ್ಷಣಗಳು. ಓಡಿಸುವುದರಲ್ಲಿ ದೊರೆಯುವ ಆನಂದವೇ ಅದರ ಮುಖ್ಯ ಪ್ರಯೋಜನ. ಈ ಆನಂದಕ್ಕೂ ಬೆಲೆಗೂ ನೇರವಾದ ಸಂಬಂಧವಿಲ್ಲವೆಂಬುದನ್ನು ಕಾರು ತಯಾರಕರೇ ಹಲವು ಸಲ ತೋರಿಸಿಕೊಟ್ಟಿದ್ದಾರೆ.

ಇಂಗ್ಲೆಂಡಿನಲ್ಲಿ 1958ರಲ್ಲಿ ಹೊರಬಂದ ಆಸ್ಟಿನ್-ಹೀಲಿ ಸ್ಪ್ರೈಟ್ ಇದಕ್ಕೆ ಉತ್ತಮ ನಿದರ್ಶನ. ಡೊನಾಲ್ಡ್ ಹೀಲಿಯವರು ರೂಪಿಸಿದ ದೊಡ್ಡ ಕಾರು ಆಗಲೇ ಹೆಸರು ಮಾಡಿತ್ತು. ಆದರೆ ಸಾಮಾನ್ಯ ಸಂಬಳದ ತರುಣನಿಗೆ ಅದು ನಿಲುಕುವಂತಿರಲಿಲ್ಲ. ಅಂಥವನಿಗಾಗಿಯೇ ಈ ಪುಟ್ಟ ಕಾರನ್ನು ಕಟ್ಟಿದರು. ಎಂಜಿನ್ನು ಆಸ್ಟಿನ್ ಎ35 ಎಂಬ ಸಾಧಾರಣ ಮನೆಬಳಕೆಯ ಕಾರಿನದು, ಕೇವಲ 948 ಸಿ.ಸಿ.ಯದು. ಸ್ಟಿಯರಿಂಗ್ ವ್ಯವಸ್ಥೆ ಮಾರಿಸ್ ಮೈನರ್ ಕಾರಿನಿಂದ ಬಂದುದು. ಹೊರಗಡೆ ಬಾಗಿಲ ಹಿಡಿಗಳಿಲ್ಲ. ಹಿಂಬದಿಯ ಡಿಕ್ಕಿಗೆ ಮುಚ್ಚಳವಿಲ್ಲ. ಸಾಮಾನನ್ನು ಆಸನದ ಹಿಂದಿನಿಂದಲೇ ತೂರಿಸಿ ಇಡಬೇಕು. ಚಳಿಯ ದೇಶದಲ್ಲಿ ಕಾರನ್ನು ಬೆಚ್ಚಗಿಡುವ ಹೀಟರಿಗೂ ಬೇರೆ ಹಣ ಕೊಡಬೇಕಾಗಿತ್ತು. ಮುಂದೀಪಗಳು ಬೇಕಾದಾಗ ಮೇಲೆದ್ದು ಬೇಡವಾದಾಗ ಮಡಚಿಕೊಳ್ಳುವಂತಿರಬೇಕೆಂಬುದು ಮೊದಲ ಯೋಜನೆ. ಖರ್ಚು ಹೆಚ್ಚೆಂದು ಅದನ್ನು ಕೈಬಿಟ್ಟು, ದೀಪಗಳನ್ನು ಬಾನೆಟ್ಟಿನ ಮೇಲೆಯೇ ನಿಲ್ಲಿಸಿಬಿಟ್ಟರು. ಕಪ್ಪೆಯ ಕಣ್ಣುಗಳಂತೆ ಉಬ್ಬಿ ನಿಂತ ಆ ದೀಪಗಳಿಂದ ಜನ ಅದಕ್ಕೆ ಕಪ್ಪೆಗಣ್ಣಿನ ಕಾರೆಂದೇ ಹೆಸರಿಟ್ಟರು. ಹಣದ ಕೊರತೆಯಿಂದ ಹುಟ್ಟಿದ ರೂಪವೇ ಅದರ ಗುರುತಾಗಿ ಉಳಿಯಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಅವರು ತೆಗೆದುಹಾಕಿದ್ದು ಹಿಡಿ, ಮುಚ್ಚಳ, ಅಲಂಕಾರಗಳನ್ನು. ನಿಖರವಾದ ಸ್ಟಿಯರಿಂಗನ್ನಲ್ಲ, ಹಗುರತನವನ್ನಲ್ಲ. ಯಾವುದು ಪ್ರಾಣ, ಯಾವುದು ತೊಡವು ಎಂಬ ವಿವೇಕ ಅಲ್ಲಿ ಕೆಲಸ ಮಾಡಿತ್ತು. ಕೈ ಬಿಗಿಯಾದಾಗ ಗೃಹಸ್ಥನಿಗೂ ಬೇಕಾದುದು ಇದೇ ವಿವೇಕ.

ಕಾಲಾನಂತರದಲ್ಲಿ ಇಂಥ ಅಗ್ಗದ ಇಂಗ್ಲಿಷ್ ಕಾರುಗಳು ಒಂದೊಂದಾಗಿ ಕಣ್ಮರೆಯಾದವು. ಆ ತೆರವಾದ ಸ್ಥಾನವನ್ನು ತುಂಬಿದ್ದು ಜಪಾನಿನ ಮಾಜ್ದಾ ಸಂಸ್ಥೆ. 1989ರಲ್ಲಿ ಅದು ಎಂಎಕ್ಸ್-5 ಎಂಬ, ಅಮೆರಿಕದಲ್ಲಿ ಮಿಯಾಟಾ ಎಂದು ಪ್ರಸಿದ್ಧವಾದ ಕಾರನ್ನು ಮಾರುಕಟ್ಟೆಗೆ ತಂದಿತು. 1.6 ಲೀಟರಿನ ಎಂಜಿನ್ನು, ಒಂದು ಟನ್ನಿಗಿಂತ ಕಡಿಮೆ ತೂಕ, ಕೈಯಿಂದಲೇ ಮಡಚುವ ಬಟ್ಟೆಯ ಚಾವಣಿ. ಆರಂಭದ ಬೆಲೆ ಸುಮಾರು 13,800 ಡಾಲರು. ಕುದುರೆ ಮತ್ತು ಸವಾರ ಒಂದೇ ದೇಹವಾಗುವ ಭಾವವನ್ನು ಆ ಸಂಸ್ಥೆ ತನ್ನ ಆದರ್ಶವೆಂದು ಹೇಳಿಕೊಂಡಿತು. ಎರಡಾಸನದ ಸ್ಪೋರ್ಟ್ಸ್ ಕಾರುಗಳಲ್ಲೇ ಅತ್ಯಧಿಕ ಮಾರಾಟವಾದುದೆಂದು ಗಿನ್ನೆಸ್ ದಾಖಲೆಗೆ ಸೇರಿದ ಈ ಕಾರು 2016ರಲ್ಲಿ ಹತ್ತು ಲಕ್ಷದ ಸಂಖ್ಯೆಯನ್ನು ಮುಟ್ಟಿತು. ದೊಡ್ಡ ಹೆಸರಿನ ಕಾರನ್ನು ಕೊಳ್ಳಲಾರದವರು ಮಾತ್ರವಲ್ಲದೆ, ಕೊಳ್ಳಬಲ್ಲವರೂ ಇದನ್ನು ಮೆಚ್ಚಿ ಕೊಂಡರು.

ಶ್ರೀಮಂತರ ಕಾರೆಂದು ಹೆಸರಾದ ಜರ್ಮನಿಯ ಪೋರ್ಶೆಗೂ ಈ ಪಾಠ ತಪ್ಪಲಿಲ್ಲ. ಅದರ 911 ಕಾರು 1960ರ ದಶಕದಲ್ಲಿ ದುಬಾರಿಯೆನಿಸಿದಾಗ, ಅದೇ ಮೈಗೆ ಹಿಂದಿನ ಕಾರಿನ ನಾಲ್ಕು ಸಿಲಿಂಡರಿನ ಎಂಜಿನ್ನನ್ನು ಜೋಡಿಸಿ 1965ರಲ್ಲಿ 912 ಎಂಬ ಕಡಿಮೆ ಬೆಲೆಯ ಕಾರನ್ನು ತಂದರು. 1990ರ ದಶಕದ ಆರಂಭದಲ್ಲಿ ಮಾರಾಟ ಕುಸಿದು ಸಂಸ್ಥೆಯ ಅಸ್ತಿತ್ವಕ್ಕೇ ಸಂಚಕಾರ ಬಂದಿತ್ತು. ಆಗ ಅದನ್ನು ಮೇಲೆತ್ತಿದ ಕಾರುಗಳಲ್ಲಿ 1996ರಲ್ಲಿ ಬಂದ, 911ಕ್ಕಿಂತ ಅಗ್ಗವಾದ ಬಾಕ್ಸ್‌ಸ್ಟರ್ ಮುಖ್ಯವಾದುದು. ಅದರ ಬಾಗಿಲುಗಳು, ಮುಂದೀಪಗಳು ಮತ್ತು ಮುಂಭಾಗ ಮರುವರ್ಷ ಬಂದ ಹೊಸ 911ಕ್ಕೂ ಒದಗಿದವು. ಒಂದೇ ಅಚ್ಚಿನಲ್ಲಿ ಎರಡು ಕಾರಿನ ಕೆಲಸ ತೆಗೆದರು. ಬಡತನ ಬಂದಾಗ ಮಾನಕ್ಕೆ ಅಂಜಿ ಕೂಡದೆ ಮಿತವ್ಯಯದ ದಾರಿ ಹಿಡಿದದ್ದರಿಂದಲೇ ಆ ಮನೆ ಉಳಿಯಿತೆನ್ನಬಹುದು.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಬೇಕು. ಅಗ್ಗವೆಂದು ತೋರುವುದೆಲ್ಲ ಅಗ್ಗವಲ್ಲ.

ಹೊಸ ಕಾರಿನ ಬೆಲೆ ಎಟುಕದಾದಾಗ, ಅದೇ ದೊಡ್ಡ ಹೆಸರಿನ ಹಳೆಯ ಕಾರನ್ನು ಕೊಳ್ಳುವ ಮೋಹ ಹುಟ್ಟುತ್ತದೆ. ಇಪ್ಪತ್ತು ವರ್ಷದ ಹಳೆಯ ಬಾಕ್ಸ್‌ಸ್ಟರ್ ಸಾಧಾರಣ ಹೊಸ ಕಾರಿಗಿಂತ ಕಡಿಮೆ ಬೆಲೆಗೆ ದೊರೆತೀತು. ಆದರೆ ಕಾರಿನ ಬೆಲೆ ಇಳಿದಂತೆ ಅದರ ಬಿಡಿಭಾಗಗಳ ಬೆಲೆಯಾಗಲಿ, ನುರಿತ ಮೆಕ್ಯಾನಿಕನ ಕೂಲಿಯಾಗಲಿ ಇಳಿಯುವುದಿಲ್ಲ. ಆ ಮೊದಲ ಬಾಕ್ಸ್‌ಸ್ಟರುಗಳ ಎಂಜಿನ್ನಿನೊಳಗಿನ ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗು ಕೆಟ್ಟರೆ ಇಡೀ ಎಂಜಿನ್ನೇ ಹಾಳಾಗಬಹುದು. 1980ರ ದಶಕದ ಪೋರ್ಶೆ 944ರಲ್ಲಿ ಟೈಮಿಂಗ್ ಬೆಲ್ಟು ತುಂಡಾದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಅವು ಬಾಗಿಹೋಗುತ್ತವೆ. ಅಗ್ಗಕ್ಕೆ ಬಂದ ಆನೆಯ ಮೇವಿನ ಲೆಕ್ಕ ಕೊಂಡ ಮೇಲೆ ತಿಳಿದರೆ ಫಲವೇನು? ಹಳೆಯದನ್ನೇ ಕೊಳ್ಳುವುದಾದರೆ ದುರಸ್ತಿಯ ದಾಖಲೆಗಳನ್ನು ನೋಡಿ, ಮಾರುವವನಿಗೆ ಸಂಬಂಧವಿಲ್ಲದ ಮೆಕ್ಯಾನಿಕನಿಂದ ಪರೀಕ್ಷೆ ಮಾಡಿಸಿ, ರಿಪೇರಿಗೆಂದು ಒಂದಿಷ್ಟು ಹಣವನ್ನು ಬೇರೆಯಾಗಿ ತೆಗೆದಿಟ್ಟೇ ಕೊಳ್ಳಬೇಕು.

ಇನ್ನೊಂದು ಮೋಸ ಕಂತಿನ ಅಗ್ಗ. ಅಮೆರಿಕದಲ್ಲಿ ಕಾರಿನ ಸಾಲವನ್ನು 72 ಅಥವಾ 84 ತಿಂಗಳಿಗೆ ಹಂಚಿ, ತಿಂಗಳ ಕಂತನ್ನು ಕಿರಿದಾಗಿ ತೋರಿಸುವುದುಂಟು. ಸಾಲ ನಿಧಾನವಾಗಿ ತೀರುತ್ತದೆ. ಕಾರಿನ ಬೆಲೆಯಾದರೋ ಮೊದಲ ವರ್ಷಗಳಲ್ಲಿಯೇ ವೇಗವಾಗಿ ಇಳಿಯುತ್ತದೆ. ನಡುವೆ ಕೆಲಸ ಹೋಗಿ ಕಾರನ್ನು ಮಾರಬೇಕಾಗಿ ಬಂದರೆ, ಮಾರಿದ ಹಣ ಸಾಲಕ್ಕೆ ಸಾಲದೆ ಕೈಯಿಂದ ಕಟ್ಟಬೇಕಾದ ಪ್ರಸಂಗ ಒದಗುತ್ತದೆ. ಸಾಲ ಮಾಡಿ ತುಪ್ಪ ತಿನ್ನುವವನ ಕಥೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಆದ್ದರಿಂದ ತಿಂಗಳ ಕಂತನ್ನಲ್ಲ, ಬಡ್ಡಿ, ವಿಮೆ, ಟೈರು, ಪೆಟ್ರೋಲು ಎಲ್ಲವನ್ನೂ ಕೂಡಿಸಿದ ಒಟ್ಟು ಮೊತ್ತವನ್ನು ನೋಡುವುದು ಜಾಣತನ.

ಮಕ್ಕಳಿರುವ ಮನೆಯವರು ಇನ್ನೊಂದನ್ನೂ ಯೋಚಿಸಬೇಕು. ಎರಡಾಸನದ ಕಾರು ಎಷ್ಟೇ ಅಗ್ಗವಾಗಿರಲಿ, ಸಂಸಾರಕ್ಕೆ ಮತ್ತೊಂದು ಕಾರು ಬೇಕೇ ಬೇಕು. ಆಗ ವಿಮೆಯೂ ಎರಡು, ನಿರ್ವಹಣೆಯೂ ಎರಡು. 2012ರಲ್ಲಿ ಟೊಯೋಟಾ ಮತ್ತು ಸುಬಾರು ಸಂಸ್ಥೆಗಳು ಕೂಡಿ ತಯಾರಿಸಿದ ಜಿಟಿ86 ಕಾರಿಗೆ ಹಿಂದೆಯೂ ಎರಡು ಚಿಕ್ಕ ಆಸನಗಳಿದ್ದವು. ಅತಿ ಅಗಲವಾದ ದುಬಾರಿ ಟೈರುಗಳ ಬದಲು ಸಾಧಾರಣ ಅಳತೆಯ ಟೈರುಗಳನ್ನೇ ಅದಕ್ಕೆ ಅಳವಡಿಸಿದ್ದರು. ಇಂಥ ಕಾರಿನಲ್ಲಿ ಎಳೆಯ ಮಕ್ಕಳನ್ನು ಹೇಗೋ ಕೂರಿಸಬಹುದಾದರೂ ದೂರದ ಪ್ರಯಾಣಕ್ಕೆ ಅದು ಇಕ್ಕಟ್ಟೇ ಸರಿ. ಯಾವುದನ್ನು ಆರಿಸಿದರೂ ಟೈರು ಮತ್ತು ಬ್ರೇಕುಗಳಲ್ಲಿ ಮಾತ್ರ ಜಿಪುಣತನ ಸಲ್ಲದು. ಅಲ್ಲಿ ಉಳಿಸಿದ ಹಣ ಜೀವಕ್ಕೆ ಎರವಾದೀತು.

ಹಾಗಾದರೆ ಬಯಕೆಯನ್ನು ಈಡೇರಿಸಿಕೊಳ್ಳುವ ಸಮಯ ಯಾವುದು? ಕೆಲಸವಿಲ್ಲದೆ ಹೋದರೂ ಆರು ತಿಂಗಳ ಮನೆಖರ್ಚು ನಡೆಯುವಷ್ಟು ಹಣ ಕೂಡಿದೆಯೇ? ಮಕ್ಕಳ ವಿದ್ಯಾಭ್ಯಾಸಕ್ಕೂ ಊರಿನಲ್ಲಿರುವ ತಂದೆತಾಯಿಗಳ ಔಷಧೋಪಚಾರಕ್ಕೂ ತೆಗೆದಿಟ್ಟ ಹಣಕ್ಕೆ ಕೈ ಹಚ್ಚದೆ ಇದನ್ನು ಕೊಳ್ಳಬಹುದೇ? ಈ ಎರಡು ಪ್ರಶ್ನೆಗಳಿಗೆ ಪತಿಪತ್ನಿಯರಿಬ್ಬರೂ ಹೌದೆಂದರೆ, ಹಿರಿಯರು ಅಡ್ಡಬರಬೇಕಾಗಿಲ್ಲ. ಇಲ್ಲವೆಂದಾದರೆ ಒಂದೆರಡು ವರ್ಷ ತಡೆಯುವುದೇ ಲೇಸು. ಒಳ್ಳೆಯ ರಸ್ತೆಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಮುಖ್ಯವಾಗಿ, ಒಬ್ಬರು ಇನ್ನೊಬ್ಬರಿಗೆ ತಿಳಿಸದೆ ಸಾಲಪತ್ರಕ್ಕೆ ಸಹಿ ಹಾಕಬಾರದು. ನಮ್ಮ ಊರುಗಳಲ್ಲಿ ಇದೇ ಪ್ರಶ್ನೆ ಕಾಲೇಜಿಗೆ ಹೋಗುವ ಮಗನ ದೊಡ್ಡ ಮೋಟಾರ್ ಸೈಕಲ್ಲಿನ ರೂಪದಲ್ಲಿ ಬರುತ್ತದೆ. ವಿಚಾರ ಮಾಡುವ ಕ್ರಮ ಅಲ್ಲಿಯೂ ಇದೇ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ನುಡಿಯನ್ನು ನಾವು ಆಸೆಯನ್ನು ಅಡಗಿಸುವ ಮಾತೆಂದೇ ತಿಳಿಯುತ್ತೇವೆ. ಅದು ಕಾಲನ್ನು ಮಡಚಿಕೊಂಡೇ ಇರಬೇಕೆಂದು ಹೇಳುವುದಿಲ್ಲ. ಇರುವಷ್ಟರಲ್ಲಿ ಚಾಚಬೇಕೆಂದು ಹೇಳುತ್ತದೆ. ತೊಡವನ್ನು ಬಿಟ್ಟು ಪ್ರಾಣವನ್ನು ಉಳಿಸಿಕೊಂಡ ಕಪ್ಪೆಗಣ್ಣಿನ ಆ ಪುಟ್ಟ ಕಾರು ಹೇಳುವುದೂ ಅದನ್ನೇ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು, ನಮ್ಮ ಹಾಸಿಗೆಯ ಉದ್ದವೆಷ್ಟೆಂಬುದನ್ನು ಮೊದಲು ಅಳೆದುಕೊಳ್ಳೋಣ. ಆಮೇಲೆ ಚಾಚಿದ ಕಾಲಿಗೆ ಚಳಿಯೂ ತಾಗದು, ಮನಸ್ಸಿಗೆ ಕೊರಗೂ ಉಳಿಯದು.